ಒಂದು ಗಂಟೆ ಹತ್ತು ನಿಮಿಷದ ಸುಳ್ಳು

ಕಲಬುರಗಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ಅಂತರ್ಜಾಲದಲ್ಲಿ ಸಿಗುವ ದೂರದ ಲೆಕ್ಕಪಟ್ಟಿಗಳಿಗೆ ಈ ಪ್ರಶ್ನೆ ಹಾಕಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಸಿದ್ಧ: ದೂರ ಸುಮಾರು 530 ಕಿಲೋಮೀಟರ್, ಹಾರಾಟದ ಅವಧಿ ಹೆಚ್ಚುಕಡಿಮೆ ಒಂದು ಗಂಟೆ ಹತ್ತು ನಿಮಿಷ. ಉತ್ತರದಲ್ಲಿ ಅಳುಕಿನ ಸುಳಿವೇ ಇಲ್ಲ. ತೊಡಕು ಒಂದೇ, ಅಂಥದ್ದೊಂದು ವಿಮಾನವೂ ಇಲ್ಲ.

ಈ ಉತ್ತರ ಹುಟ್ಟುವ ಬಗೆ ಬಹಳ ಸರಳ. ಎರಡು ನಿಲ್ದಾಣಗಳ ಅಕ್ಷಾಂಶ ರೇಖಾಂಶ ತೆಗೆದುಕೊಂಡು, ಭೂಮಿಯ ಉರುಟು ಮೈಮೇಲೆ ಅವುಗಳ ನಡುವೆ ಎಳೆಯಬಹುದಾದ ಅತಿ ಗಿಡ್ಡ ಗೆರೆಯನ್ನು ಅಳೆಯುತ್ತಾರೆ. ಅದನ್ನು ಗಂಟೆಗೆ 800 ಕಿಲೋಮೀಟರಿನ ಆಸುಪಾಸಿನ ವೇಗದಿಂದ ಭಾಗಿಸಿ, ಏರಲಿಕ್ಕೂ ಇಳಿಯಲಿಕ್ಕೂ ಎಂದು ಅರ್ಧ ಗಂಟೆ ಸೇರಿಸುತ್ತಾರೆ. ಮುಗಿಯಿತು. ಸಣ್ಣ ಊರುಗಳ ನಡುವೆ ಹಾರುವ ಎಟಿಆರ್‌ನಂಥ ಪಂಖದ ವಿಮಾನಗಳು ಆ ವೇಗದ ಹತ್ತಿರಕ್ಕೂ ಬರುವುದಿಲ್ಲ ಎಂಬ ಮಾತು ಬೇರೆ. ವಿಮಾನ ಉಂಟೋ ಇಲ್ಲವೋ ಎಂದು ಈ ಲೆಕ್ಕ ಕೇಳುವುದಿಲ್ಲ. ಎರಡು ಬೆಟ್ಟದ ತುದಿಗಳ ನಡುವೆಯೂ ಅದು ಇಷ್ಟೇ ಧೈರ್ಯದಿಂದ ಸಮಯ ಹೇಳಬಲ್ಲದು.

ಇರಲಿ, ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ. ನನ್ನ ತಕರಾರು ಆ ಉತ್ತರವನ್ನು ಹಿಡಿದುಕೊಂಡು ಓಡಾಡುವ ಮನುಷ್ಯರ ಮೇಲೆ: ಭಾಷಣ ಮಾಡುವವರು, ಜಾಹೀರಾತು ಬರೆಯುವವರು, ವಿಚಾರಸಂಕಿರಣಕ್ಕೆ ಕರೆಯುವವರು. ಹೋದ ವರ್ಷ ಕರಾವಳಿಯ ಕಾಲೇಜೊಂದರಿಂದ ಕರೆ ಬಂದಾಗ ನಾನು ಕಲಬುರಗಿಯ ಕಡೆ ಕ್ಷೇತ್ರಕಾರ್ಯದಲ್ಲಿದ್ದೆ. ದಾರಿ ದೂರ ಅಂದೆ. "ದೂರ ಏನ್ ಸರ್, ಏರ್‌ಪೋರ್ಟ್ ಆಗಿದೆಯಲ್ಲ, ಒಂದ್ ಗಂಟೆ ದಾರಿ" ಅಂದರು. ಪ್ರಯಾಣ ಭತ್ಯೆ ಮಾತ್ರ ರೈಲಿನ ಸ್ಲೀಪರ್ ದರ್ಜೆಯದು. ಸಮಯವನ್ನು ಆಕಾಶದಲ್ಲೂ ಹಣವನ್ನು ನೆಲದಲ್ಲೂ ಲೆಕ್ಕ ಹಾಕುವ ಈ ಜಾಣತನ ಆ ಒಂದು ಕಾಲೇಜಿನದಲ್ಲ, ಇಡೀ ರಾಜ್ಯದ್ದು. ಅದಕ್ಕೇ ಈ ಬರಹ.

ವಿಮಾನದಲ್ಲೇ ಹೋಗುತ್ತೇನೆಂದು ಹಟ ಹಿಡಿದರೆ ಏನಾಗುತ್ತದೆ? ಕಲಬುರಗಿಯಿಂದ ಬೆಂಗಳೂರಿಗೆ ವಿಮಾನ ಇರುವ ಕಾಲದಲ್ಲಿ ಹೀಗಾಗುತ್ತದೆ. ಮೊದಲು ಸುಮಾರು 460 ಕಿಲೋಮೀಟರ್ ದಕ್ಷಿಣಕ್ಕೆ ಹಾರಿ ದೇವನಹಳ್ಳಿಯಲ್ಲಿ ಇಳಿಯಬೇಕು. ಅಲ್ಲಿಂದ ಮತ್ತೆ 305 ಕಿಲೋಮೀಟರ್ ಪಶ್ಚಿಮಕ್ಕೆ. ಒಟ್ಟು 765. ನೇರ ಗೆರೆಗಿಂತ 235 ಕಿಲೋಮೀಟರ್ ಹೆಚ್ಚು. ಊರಿನಿಂದ ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ ಹೋಗುವ ಹೊತ್ತು, ಒಂದು ಗಂಟೆ ಮೊದಲೇ ಮುಚ್ಚಿಹೋಗುವ ಕೌಂಟರು, ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕೆ ಕಾಯುವ ಎರಡು ಮೂರು ಗಂಟೆ, ಬಜ್ಪೆಯ ಗುಡ್ಡ ಇಳಿದು ಮಂಗಳೂರು ಪೇಟೆ ಸೇರುವ ಹೊತ್ತು, ಎಲ್ಲ ಕೂಡಿಸಿದರೆ ನನ್ನ ಲೆಕ್ಕದಲ್ಲಿ ಏಳೆಂಟು ಗಂಟೆ. ಇದು ಎಲ್ಲವೂ ಸುಸೂತ್ರವಾದರೆ. ಅದೇ ಬಜ್ಪೆಯಿಂದ 2,400 ಕಿಲೋಮೀಟರಿಗೂ ಆಚೆಯ ದುಬೈಗೆ ಒಂದೇ ಹಾರಾಟ, ನಾಲ್ಕು ಗಂಟೆಯೊಳಗೆ ಮುಗಿದುಹೋಗುತ್ತದೆ. ಮಂಗಳೂರಿನವರಿಗೆ ಕಲಬುರಗಿ ದುಬೈಗಿಂತ ದೂರ ಅಂದರೆ ಅದು ಉಪಮೆಯಲ್ಲ, ಕೈಗಡಿಯಾರ ನೋಡಿ ಹೇಳಬಹುದಾದ ಸಂಗತಿ.

ಕೊಲ್ಲಿಗೆ ವಿಮಾನ ಇರುವುದು ತಪ್ಪೇ ಎಂದು ಕೇಳಬಾರದು. ಕರಾವಳಿಯ ಸಾವಿರಾರು ಮನೆಗಳ ಒಲೆ ಉರಿದದ್ದು ಆ ದಾರಿಯಿಂದ. ನಾನು ಹೇಳುವುದು ಇಷ್ಟು: ದೂರ ಎನ್ನುವುದು ಭೂಗೋಳದಲ್ಲಿ ತಾನಾಗಿ ಬಿದ್ದುಕೊಂಡಿರುವ ವಸ್ತುವಲ್ಲ. ಯಾರು ಹೋಗಿಬರಬೇಕು, ಯಾರ ಹೊತ್ತಿಗೆ ಬೆಲೆ ಉಂಟು ಎಂದು ತೀರ್ಮಾನಿಸಿ ಅದನ್ನು ಕಟ್ಟುತ್ತಾರೆ. ಕಲಬುರಗಿ–ಮಂಗಳೂರು ನಡುವಿನ ದೂರವನ್ನೂ ಹಾಗೆಯೇ ಕಟ್ಟಲಾಗಿದೆ, ಮತ್ತು ಆ ಒಂದು ಗಂಟೆ ಹತ್ತು ನಿಮಿಷ ಅದನ್ನು ಕಾಣದಂತೆ ಮುಚ್ಚುತ್ತಿದೆ.

ಈ ಮುಚ್ಚುವ ಕೆಲಸಕ್ಕೆ ಒಂದು ಯೋಜನೆಯ ಹೆಸರೂ ಇದೆ. ಉಡಾನ್ ಶುರುವಾದದ್ದು 2016ರಲ್ಲಿ. ಮೊದಲ ವಿಮಾನ 2017ರ ಏಪ್ರಿಲ್‌ನಲ್ಲಿ ಶಿಮ್ಲಾದಿಂದ ದೆಹಲಿಗೆ ಹಾರಿತು. ಹವಾಯಿ ಚಪ್ಪಲಿಯವರೂ ವಿಮಾನ ಹತ್ತಬೇಕು ಎಂಬುದು ಪ್ರಧಾನಿಯ ಮಾತು. ಸುಮಾರು 500 ಕಿಲೋಮೀಟರಿನ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ ಹಾಕಿದರು. ಆ ದರ ವಿಮಾನದ ಎಲ್ಲ ಸೀಟುಗಳಿಗಲ್ಲ, ಒಂದು ಪಾಲಿಗೆ ಮಾತ್ರ. ಕಂಪನಿಗೆ ಆಗುವ ನಷ್ಟವನ್ನು ಮೂರು ವರ್ಷ ಸರ್ಕಾರ ತುಂಬಿಕೊಡುತ್ತದೆ. ದೊಡ್ಡ ಊರುಗಳ ನಡುವಿನ ವಿಮಾನಗಳ ಮೇಲೆ ಹಾಕಿದ ಸುಂಕ ಒಂದು ಕಡೆಯಿಂದ, ರಾಜ್ಯದ ಬೊಕ್ಕಸದ ಪಾಲು ಇನ್ನೊಂದು ಕಡೆಯಿಂದ. ಮೂರು ವರ್ಷದ ನಂತರ ಮಾರ್ಗ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

ನಿಂತಿತೇ? 2023ರಲ್ಲಿ ಮಹಾಲೇಖಪಾಲರ ವರದಿ ಬಂತು. ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್ ಹೊತ್ತಿಗೆ ಉಳಿದಿದ್ದವು 54. ನೂರು ಮಾರ್ಗಕ್ಕೆ ಏಳು. ಯಾವುದಾದರೂ ಹಳ್ಳಿಯ ಹಾಲಿನ ಸೊಸೈಟಿ ಹೀಗೆ ಲೆಕ್ಕ ತೋರಿಸಿದ್ದರೆ ಕಾರ್ಯದರ್ಶಿಯನ್ನು ಊರ ಬಾಗಿಲಲ್ಲಿ ನಿಲ್ಲಿಸುತ್ತಿದ್ದರು.

ನಮ್ಮ ಕಡೆಯ ಕಥೆಯೂ ಇದೇ ಜಾತಿಯದು. ಕಲಬುರಗಿಯ ನಿಲ್ದಾಣಕ್ಕೆ 2008ರಲ್ಲಿ ಅಡಿಗಲ್ಲು, 2019ರ ನವೆಂಬರ್ 22ರಂದು ಉದ್ಘಾಟನೆ. ಬೀದರಿನಿಂದ 2020ರ ಫೆಬ್ರುವರಿಯಲ್ಲಿ ವಿಮಾನ ಹಾರಿತು, ನಿಂತಿತು. 2022ರಲ್ಲಿ ಬೇರೊಂದು ಕಂಪನಿ ಬಂತು, 2023ರ ಕೊನೆಗೆ ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಪುನಃ ಹಾರಿತು. ಪ್ರತಿ ಸಲ ಹಾರ, ತುರಾಯಿ, ಕಿಟಕಿಯ ಪಕ್ಕ ಕೂತ ಗಣ್ಯರ ಫೋಟೊ. ನಿಂತ ದಿನ ಮಾತ್ರ ಯಾರೂ ಫೋಟೊ ತೆಗೆಯುವುದಿಲ್ಲ.

ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಅದರ ಮೇಲೆ ಮೊದಲು ಓಡಿದ್ದು ಐವತ್ತು ಸೀಟಿನ ಎಂಬ್ರೇಯರ್. ಐವತ್ತು ಸೀಟು ಎಂದರೆ ಸಾರಿಗೆ ನಿಗಮದ ಒಂದು ಬಸ್ಸು. ಹೀಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ನಮಗೂ ವಿಮಾನ ಬೇಡವೇ, ಯಾವಾಗಲೂ ಹಿಂದುಳಿದವರಾಗಿಯೇ ಇರಬೇಕೇ ಎನ್ನುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ದಶಕಗಳ ಕಾಲ ಏನೂ ಕೊಡದವರು ಕೊನೆಗೊಂದು ಹೊಳೆಯುವ ಕಟ್ಟಡ ಕೊಟ್ಟಾಗ ಅದರ ಕೆಡುಕು ಎಣಿಸುವುದು ಮನೆಯ ಶುಭಕಾರ್ಯದಲ್ಲಿ ಅಪಸ್ವರ ಎತ್ತಿದಂತೆ. ಆದರೆ ಕಟ್ಟಡ ಕೊಟ್ಟವರು ಅದರ ಜೊತೆಗೆ ಒಂದು ಮಾತನ್ನೂ ಕೊಟ್ಟಿದ್ದಾರೆ: ಇನ್ನು ನೀವು ದೂರದವರಲ್ಲ. ನಾನು ಒಪ್ಪದೆ ಇರುವುದು ಆ ಮಾತನ್ನು.

ಯಾಕೆಂದರೆ ಕಲಬುರಗಿಗೂ ಮಂಗಳೂರಿಗೂ ನಡುವೆ ಓಡಾಡುವ ಜನ ಇದ್ದಾರೆ, ಬಹಳ ಜನ ಇದ್ದಾರೆ, ಅವರು ವಿಮಾನದಲ್ಲಿಲ್ಲ. ಮಂಗಳೂರಿನಲ್ಲಿ ಏಳುತ್ತಿರುವ ಯಾವ ಕಟ್ಟಡದ ಸಾರುವೆ ಕೆಳಗೆ ನಿಂತರೂ ಕೇಳುವುದು ಬಯಲುಸೀಮೆಯ ಕನ್ನಡ. ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರ, ರಾಯಚೂರು, ಯಾದಗಿರಿ, ಕಲಬುರಗಿ. ಬೆಳಿಗ್ಗೆ ಏಳಕ್ಕೆ ಕೂಲಿಗೆ ಕರೆದೊಯ್ಯುವವರಿಗಾಗಿ ಬುತ್ತಿ ಹಿಡಿದು ರಸ್ತೆ ಬದಿಯಲ್ಲಿ ನಿಂತವರಲ್ಲಿ ಅವರೇ ಹೆಚ್ಚು. ಹೋದ ಮಳೆಗಾಲಕ್ಕೆ ಮುಂಚೆ ಬಸ್ಸಿನಲ್ಲಿ ನನ್ನ ಪಕ್ಕ ಚಿತ್ತಾಪುರದ ಕಡೆಯ ಗೌಂಡಿಯೊಬ್ಬರು ಕೂತಿದ್ದರು. ಎಷ್ಟು ತಾಸಿನ ದಾರಿ ಕಾಕಾ ಎಂದು ಮಾತಿಗೆಳೆದೆ. ಅವರು ತಂಬಾಕು ತಿಕ್ಕುತ್ತಲೇ ಹೇಳಿದರು: "ತಾಸಿನ ಲೆಕ್ಕ ಯಾಕ್ ಕೇಳ್ತಿ ತಮ್ಮಾ, ಪಗಾರದ ಲೆಕ್ಕ ಕೇಳು. ಹೋಗ್ಲಾಕ ಒಂದು, ಬರ್ಲಾಕ ಒಂದು, ಮೈ ಹಣ್ಣಾಗಿ ಮಕ್ಕೊಳ್ಳೋದು ಅರ್ಧ. ಎರಡೂವರಿ ಪಗಾರ ದೂರ ಅದ ನಮ್ಮೂರು."

ಇಷ್ಟು ಕರಾರುವಾಕ್ಕಾದ ಅಳತೆಯನ್ನು ನಾನು ಯಾವ ಸಾರಿಗೆ ವರದಿಯಲ್ಲೂ ಓದಿಲ್ಲ. ಎರಡೂವರೆ ಪಗಾರ ಎಂದರೆ ಹಬ್ಬಕ್ಕೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ. ತಾಯಿಗೆ ಜ್ವರ ಎಂದು ಫೋನು ಬಂದರೆ ಇನ್ನೊಂದು ದಿನ ನೋಡೋಣವೇ ಎಂಬ ಪ್ರಶ್ನೆ. ಊರಿನ ಶಾಲೆಯಲ್ಲಿ ಬಿಟ್ಟುಬಂದ ಮಗು ವರ್ಷಕ್ಕೆ ಎಷ್ಟು ಸಲ ಅಪ್ಪನ ಮುಖ ನೋಡುತ್ತದೆ ಎಂಬ ಪ್ರಶ್ನೆ. ಹಾರಾಟದ ಅವಧಿ ಎಂಬ ಅಂಕಿಯೊಳಗೆ ಇವು ಯಾವುವೂ ಹಿಡಿಸುವುದಿಲ್ಲ.

ನಮ್ಮ ಭಾಷೆಗೆ ಈ ಬಗೆಯ ಅಳತೆ ಹೊಸದೂ ಅಲ್ಲ. ಕೂಗಳತೆ ಎಂಬ ಪದವನ್ನೇ ನೋಡಿ. ಕೂಗುವವನೊಬ್ಬ, ಓಗೊಡುವವನೊಬ್ಬ ಇಲ್ಲದೆ ಆ ದೂರವೇ ಇಲ್ಲ. ಹರದಾರಿ, ಗಾವುದ ಎಂದವರು ನಡೆದು ಕಾಲು ಸೋತವರು. ಎಲೆ ಅಡಿಕೆ ಹಾಕಿ ಉಗುಳುವಷ್ಟು ಹೊತ್ತು ಎಂದರೆ ಕೇಳಿದವನ ಬಾಯಲ್ಲೂ ಆ ಹೊತ್ತು ತುಂಬಿಕೊಳ್ಳುತ್ತಿತ್ತು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹಾಡುವ ಚಟ ನನಗಿಲ್ಲ, ಹರದಾರಿ ನಡೆದವರಲ್ಲಿ ಎಷ್ಟೋ ಜನ ನಡೆಯದೆ ಬೇರೆ ಗತಿಯಿಲ್ಲದೆ ನಡೆದವರು. ಆದರೂ ಆ ಅಳತೆಗಳಲ್ಲಿ ಹೋಗುವ ಮನುಷ್ಯನಿದ್ದ. ಈಗಿನದರಲ್ಲಿ ವಿಮಾನ ಮಾತ್ರ ಇದೆ, ಅದೂ ಇಲ್ಲದ ವಿಮಾನ.

ಬಸ್ಸಿನ ದಾರಿ ಸುಮಾರು 700 ಕಿಲೋಮೀಟರ್, ಹತ್ತಿರ ಹತ್ತಿರ ಒಂದು ಹಗಲು ಮತ್ತು ಒಂದಿಷ್ಟು ರಾತ್ರಿ, ಇಲ್ಲವೇ ಒಂದು ರಾತ್ರಿ ಮತ್ತು ಒಂದಿಷ್ಟು ಹಗಲು. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಗ್ಯಾರಂಟಿಯಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣ ಕೊಡಬೇಕಿಲ್ಲ. ಒಳ್ಳೆಯ ಯೋಜನೆ, ಅದನ್ನು ಮೂದಲಿಸುವವರ ಸಾಲಿನಲ್ಲಿ ನಾನಿಲ್ಲ. ಆದರೆ ಮಲಗಿಕೊಂಡು ಹೋಗುವ ಸ್ಲೀಪರ್ ಬಸ್ಸು ಅದರಲ್ಲಿ ಸೇರಿಲ್ಲ. ಹಾಗಾಗಿ ದುಡ್ಡಿಲ್ಲದ ಹೆಂಗಸು ಇಡೀ ದಾರಿಯನ್ನು ಕೂತೇ ಸವೆಸುತ್ತಾಳೆ. ಹಣದ ದೂರ ಸೊನ್ನೆಗೆ ಇಳಿಯಿತು, ಬೆನ್ನಿನ ದೂರ ಇದ್ದಲ್ಲೇ ಇದೆ.

ಇನ್ನು ರೈಲು. ಕಲಬುರಗಿ ಹತ್ತೊಂಬತ್ತನೆಯ ಶತಮಾನದಲ್ಲೇ ಮುಂಬೈ–ಮದರಾಸು ಹಳಿಯ ಮೇಲೆ ಕೂತ ಊರು. ಅಲ್ಲಿಂದ ಮುಂಬೈಗೂ ಚೆನ್ನೈಗೂ ಹೈದರಾಬಾದಿಗೂ ರೈಲುಗಳಿಗೆ ಕೊರತೆಯಿಲ್ಲ. ತನ್ನದೇ ರಾಜಧಾನಿಗೆ ಹೋಗಬೇಕಾದರೆ ಗುಂತಕಲ್ಲಿನ ಮೇಲೆ, ಅಂದರೆ ಆಂಧ್ರ ಹಾದು ಹೋಗಬೇಕು. 2024ರ ಮಾರ್ಚ್‌ನಲ್ಲಿ ಬಂದ ವಂದೇ ಭಾರತ್ ರೈಲೂ ಬೆಂಗಳೂರು ಮುಟ್ಟಲು ಒಂಬತ್ತು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ನೆರೆಯ ವಿಜಯಪುರಕ್ಕೆ ರೈಲಿನಲ್ಲಿ ಹೋಗಬೇಕಾದರೆ ಮಹಾರಾಷ್ಟ್ರ ಹೊಕ್ಕು ಹೊರಬರಬೇಕು. ಆ ವಿಜಯಪುರದಿಂದ ಮಂಗಳೂರಿಗೆ ಒಂದು ರೈಲು ಉಂಟು: ಬಾಗಲಕೋಟೆ, ಗದಗ, ಹುಬ್ಬಳ್ಳಿ, ಹಾಸನ, ಸುಬ್ರಹ್ಮಣ್ಯ ಹಾದು ಘಟ್ಟ ಇಳಿಯುತ್ತದೆ. ದುಡಿಯುವ ಜನ ತುಂಬಿ ತುಳುಕುವ ಈ ರೈಲು ಎಷ್ಟೋ ವರ್ಷ ‘ವಿಶೇಷ’ ಎಂಬ ಹಣೆಪಟ್ಟಿ ಹಚ್ಚಿಕೊಂಡೇ ಓಡಿತು. ದಿನವೂ ಬರುವ ನೆಂಟನನ್ನು ಅತಿಥಿ ಎಂದೇ ಕರೆಯುತ್ತಿದ್ದರೆ ಅರ್ಥ ಏನು? ಮನೆಯಲ್ಲಿ ಅವನಿಗೊಂದು ಚಾಪೆ ಮೀಸಲಿಡುವ ಮನಸ್ಸಿಲ್ಲ ಎಂದೇ.

ಹುಬ್ಬಳ್ಳಿ–ಅಂಕೋಲಾ ಹಳಿಯ ಮಾತು ಇಲ್ಲಿ ಬಂದೇ ಬರುತ್ತದೆ. ತೊಂಬತ್ತರ ದಶಕದಲ್ಲಿ ಅಡಿಗಲ್ಲು ಬಿದ್ದ ಆ ಯೋಜನೆ ಕಾಡಿನ ಪ್ರಶ್ನೆಯಲ್ಲಿ ನಿಂತಿದೆ. ಆ ಕಾಡು ಕಡಿಯಿರಿ ಎಂದು ನಾನು ಬರೆಯಲಾರೆ. ಇರುವ ಹಳಿಯ ಮೇಲೆ, ಇರುವ ಘಟ್ಟದಲ್ಲೇ, ಕಲಬುರಗಿಯಿಂದ ಮಂಗಳೂರಿಗೆ ಒಂದು ರಾತ್ರಿ ರೈಲು ಓಡಿಸಲು ಬೇಕಾದದ್ದು ಹೊಸ ಅರಣ್ಯ ಪರವಾನಗಿಯಲ್ಲ. ಇವರೂ ಪ್ರಯಾಣಿಕರು ಎಂಬ ಎಣಿಕೆ ಬೇಕು.

ಬೇಡಿಕೆ ಇಲ್ಲ, ಅದಕ್ಕೇ ನೇರ ವಿಮಾನವಿಲ್ಲ ಎನ್ನುವವರ ಮಾತು ಲೆಕ್ಕದ ಮಟ್ಟಿಗೆ ನಿಜ. ಅಲ್ಲೊಂದು ವಿಮಾನ ಹಾಕಿ ಎಂದು ಕೇಳುವ ಉದ್ದೇಶವೂ ನನಗಿಲ್ಲ, ಹಾಕಿದರೆ ಆ ನೂರರಲ್ಲಿ ತೊಂಬತ್ತಮೂರರ ಪಟ್ಟಿಗೆ ಅದೂ ಸೇರೀತು. ಆದರೆ ವಿಮಾನದ ಟಿಕೆಟ್ ಕೊಳ್ಳಬಲ್ಲವರ ಸಂಖ್ಯೆಗೆ ಬೇಡಿಕೆ ಎಂದು ಹೆಸರಿಟ್ಟು, ಬಸ್ಸಿನ ಹಿಂದಿನ ಸೀಟಿನಲ್ಲಿ ಮೂಟೆಯಂತೆ ಒರಗಿದವರನ್ನು ಅದರಿಂದ ಹೊರಗಿಟ್ಟರೆ ಎಲ್ಲ ಊರುಗಳ ನಡುವೆಯೂ ಬೇಡಿಕೆ ಕಡಿಮೆಯೇ ಕಾಣುತ್ತದೆ, ಬೆಂಗಳೂರೊಂದನ್ನು ಬಿಟ್ಟು. ನಮ್ಮ ಸಾರಿಗೆಯ ನಕ್ಷೆ ಚಕ್ರದ ಅರಗಳಂತಿದೆ. ಪ್ರತಿ ಅರವೂ ಗುಂಬವನ್ನು ಮುಟ್ಟುತ್ತದೆ, ಅರಕ್ಕೂ ಅರಕ್ಕೂ ಮಾತಿಲ್ಲ.

ಸಾಹಿತ್ಯದವರು ನಾವು ಈ ನಕ್ಷೆಯ ಹೊರಗಿದ್ದೇವೆಯೇ? ಕಲಬುರಗಿ ಮತ್ತು ಮಂಗಳೂರು ವಿಶ್ವವಿದ್ಯಾಲಯಗಳು ಹುಟ್ಟಿದ್ದು ಒಂದೇ ವರ್ಷ, 1980ರಲ್ಲಿ. ಒಂದು ಧಾರವಾಡದ ಸ್ನಾತಕೋತ್ತರ ಕೇಂದ್ರವಾಗಿತ್ತು, ಇನ್ನೊಂದು ಮೈಸೂರಿನದು. ಎರಡರಲ್ಲೂ ಕನ್ನಡ ವಿಭಾಗವಿದೆ. ಒಂದರ ಸುತ್ತ ವಚನ, ತತ್ವಪದ, ಸೂಫಿ ದರ್ಗಾಗಳ ಲೋಕ, ಇನ್ನೊಂದರ ಸುತ್ತ ಪಾಡ್ದನ, ಭೂತಾರಾಧನೆ, ಯಕ್ಷಗಾನ. ತತ್ವಪದಕಾರರ ಮಠದಲ್ಲಿ ರಾತ್ರಿ ಕೂತು ಕೇಳಿದ ಕರಾವಳಿಯ ಸಂಶೋಧಕ, ಕೋಲದ ಅಂಗಳದಲ್ಲಿ ಬೆಳಗು ಮಾಡಿದ ಆಳಂದದ ಸಂಶೋಧಕಿ ನಮ್ಮಲ್ಲಿ ಎಷ್ಟು ಜನ? ನನ್ನ ಓರಗೆಯವರಲ್ಲಿ ಬೆರಳೆಣಿಕೆ. ನಾವು ಪರಸ್ಪರ ಭೇಟಿಯಾಗುವುದು ಬೆಂಗಳೂರಿನ ಸಭಾಂಗಣದಲ್ಲಿ, ವಿಮಾನ ಬದಲಿಸುವವರಂತೆ. ಕಲಬುರಗಿಯಲ್ಲಿ 2020ರ ಫೆಬ್ರುವರಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ನಿಲ್ದಾಣಕ್ಕೆ ಮೂರು ತಿಂಗಳಷ್ಟೇ ಆಗಿತ್ತು. ಆಗಲೂ ಕರಾವಳಿಯ ಸಾಮಾನ್ಯ ಓದುಗನಿಗೆ ಇದ್ದದ್ದು ಅದೇ ಬಸ್ಸು, ಅದೇ ರೈಲು.

ಕಲಬುರಗಿಯ ನಿಲ್ದಾಣದ ಕಡೆಯಿಂದ ಸೇಡಂ ದಿಕ್ಕಿಗೆ ಮುಂದೆ ಹೋದರೆ ಕಾಗಿಣಾ ಹೊಳೆಯ ದಡದಲ್ಲಿ ಮಳಖೇಡ ಸಿಗುತ್ತದೆ. ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯ ತನಕ ಎಂದು ಗುರುತಿಸಿದ ಕವಿರಾಜಮಾರ್ಗ ಆ ಅರಮನೆಯ ಆಸರೆಯಲ್ಲಿ, ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ್ದು. ನಾಡಿನ ಅಳತೆ ಹೇಳಿದ ಜಾಗವನ್ನೇ ಇವತ್ತು ನಾಡಿನ ‘ದೂರದ ಮೂಲೆ’ ಎನ್ನುತ್ತೇವೆ. ಎಲ್ಲಿಂದ ದೂರ ಎಂದು ಯಾರೂ ಕೇಳುವುದಿಲ್ಲ, ಉತ್ತರ ಎಲ್ಲರಿಗೂ ಗೊತ್ತಿರುವುದರಿಂದ.

ಕೇಳಬೇಕಾದದ್ದು ಬಹಳ ದೊಡ್ಡದೇನಲ್ಲ. ಯಾವುದೇ ಎರಡು ಜಿಲ್ಲಾ ಕೇಂದ್ರಗಳ ನಡುವೆ ಮನೆ ಬಾಗಿಲಿಂದ ಮನೆ ಬಾಗಿಲಿಗೆ, ಅತಿ ಹೆಚ್ಚು ಜನ ಬಳಸುವ ವಾಹನದಲ್ಲಿ, ಎಷ್ಟು ಹೊತ್ತಾಗುತ್ತದೆ ಎಂದು ಸರ್ಕಾರ ವರ್ಷಕ್ಕೊಮ್ಮೆ ಅಳೆದು ಪ್ರಕಟಿಸಲಿ. ವಿಮಾನ ನಿಲ್ದಾಣಕ್ಕೆ ಹಣ ಮಂಜೂರು ಮಾಡುವ ಕಡತದ ಮೊದಲ ಪುಟದಲ್ಲಿ ಆ ಅಂಕಿ ಇರಲಿ. ಮಂಗಳೂರು ರೈಲನ್ನು ಕಲಬುರಗಿಗೆ ಮುಟ್ಟಿಸಲಿ. ಉದ್ದ ದಾರಿಯ ಬಸ್ಸುಗಳಲ್ಲಿ ಶಕ್ತಿಯ ಹೆಂಗಸರಿಗೂ ಒರಗುವ ಸೀಟು ಕೊಡಲಿ.

ಅದಕ್ಕೂ ಮುಂಚೆ, ಖರ್ಚೇ ಇಲ್ಲದ ಒಂದು ಕೆಲಸವಿದೆ. ನಮ್ಮ ಬಸ್ ನಿಲ್ದಾಣಗಳ ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ. ಮಾರ್ಗ, ಬಸ್ಸಿನ ಬಗೆ, ಹೊರಡುವ ಸಮಯ ಇರುತ್ತದೆ. ತಲುಪುವ ಸಮಯದ ಕಾಲಂ ನಾನಂತೂ ಕಂಡಿಲ್ಲ. ಮಂಗಳೂರು ಎಂದು ಬರೆದ ಸಾಲಿನ ಕೊನೆಗೆ ಅದಕ್ಕೆ ಬೇಕಾದಷ್ಟು ಜಾಗ ಖಾಲಿಯೇ ಇದೆ.